ತೂತಿಲ್ಲದ ಮುಚ್ಚಳ

ಅವನಿಗೆ ಪಾಲಿಶಪ್ಪ ಎಂಬ ಹೆಸರು ಅಂಟಿಸಿದವನು ಅವನ ಅಣ್ಣ. ಯಾರ ಮನೆಗೆ ಊಟಕ್ಕೆ ಹೋದರೂ ತಮ್ಮ ಮೊದಲು ಚಮಚವನ್ನು ಎತ್ತಿ ಬೆಳಕಿಗೆ ಹಿಡಿಯುತ್ತಿದ್ದ. ಹಿಡಿಯ ಹಿಂಬದಿಯಲ್ಲಿ ಏನಾದರೂ ಮುದ್ರೆ ಇದೆಯೋ ಎಂದು ನೋಡುತ್ತಿದ್ದ. ಇಲ್ಲದಿದ್ದರೆ ಅಂಗಿಯ ಚುಂಗಿನಿಂದ ಒಂದು ಸಲ ಉಜ್ಜಿಯಾದರೂ ಕೆಳಗಿಡುತ್ತಿದ್ದ. ಇದನ್ನು ನೋಡೀ ನೋಡೀ ಅಣ್ಣ ಒಂದು ದಿನ ಎಲ್ಲರೆದುರು ಪಾಲಿಶಪ್ಪ ಎಂದ. ಅಂದಿನಿಂದ ಹೆಸರು ನಿಂತಿತು. ಅವನು ಕೆಲಸ ಮಾಡುವ ಜಾಗಕ್ಕೂ ಅದು ಹೇಗೋ ಹೋಗಿ ಸೇರಿತು.

ಅವನ ಕೆಲಸ ಹಲ್ಲಿನ ಸೆಟ್ ಮಾಡುವುದು. ಡಾಕ್ಟರು ಅಚ್ಚು ತೆಗೆದು ಕಳಿಸುತ್ತಾರೆ, ಇವನು ಅದಕ್ಕೆ ತಕ್ಕಂತೆ ವಸಡು, ಹಲ್ಲು, ತಂತಿ ಎಲ್ಲ ಕೂಡಿಸಿ, ಕೊರೆದು, ತಿಕ್ಕಿ, ಹೊಳಪು ಕೊಟ್ಟು ವಾಪಸು ಕಳಿಸುತ್ತಾನೆ. ಯಾರ ಬಾಯಿಗೆ ಹೋಗುತ್ತದೆಂದು ಗೊತ್ತಿರುವುದಿಲ್ಲ. ಆದರೂ ಪ್ರತಿ ಸೆಟ್ಟನ್ನು ಕಳಿಸಿದ ಮೇಲೆ, ಎಲ್ಲೋ ಒಂದು ಅಂಚು ಚೂಪಾಗಿ ಉಳಿದುಬಿಟ್ಟಿತೇನೋ, ಯಾರದೋ ನಾಲಿಗೆ ಕೊಯ್ಯುತ್ತಿದೆಯೇನೋ ಎಂದು ಅವನಿಗೆ ಅನ್ನಿಸುತ್ತಲೇ ಇರುತ್ತಿತ್ತು. ದೂರು ಬಂದದ್ದು ಕಡಿಮೆ. ಅನ್ನಿಸುವುದು ಮಾತ್ರ ಕಡಿಮೆಯಾಗಲಿಲ್ಲ.

ಮದುವೆಯಾಗದ ಅವನ ಒಂದು ಕೋಣೆಯ ಮನೆಯಲ್ಲಿ ಗೋಡೆಗೆ ಹೊಡೆದ ಹಲಗೆಯ ತುಂಬ ಹಳೆಯ ಇಂಗ್ಲಿಷ್ ಮೇಜಿನ ಸಾಮಾನು. ಬೇಯಿಸಿದ ಮೊಟ್ಟೆ ಕೂರಿಸುವ ಪುಟ್ಟ ಬಟ್ಟಲುಗಳು, ಜಾಮಿನ ಚಮಚ, ಬ್ರೆಡ್ಡು ನಿಲ್ಲಿಸುವ ತಂತಿಯ ಸ್ಟ್ಯಾಂಡು. ಎಲ್ಲಕ್ಕಿಂತ ಮುಂದಿನ ಸಾಲಿನಲ್ಲಿ ಸಕ್ಕರೆದಾನಿಗಳು. ಗೇಣುದ್ದದ ಗೋಪುರದಂಥ ಬೆಳ್ಳಿಯ ಡಬ್ಬಿ, ಗುಮ್ಮಟದಂಥ ಮುಚ್ಚಳ, ಆ ಮುಚ್ಚಳದ ತುಂಬ ಎಲೆ ಬಳ್ಳಿಯ ಆಕಾರದಲ್ಲಿ ಕೊರೆದ ಸಣ್ಣ ತೂತುಗಳು. ಬೋರಲು ಮಾಡಿ ಅಲ್ಲಾಡಿಸಿದರೆ ನುಣ್ಣನೆಯ ಸಕ್ಕರೆ ಪುಡಿ ಮಂಜಿನ ಹಾಗೆ ಬೀಳುತ್ತದೆ. ಗುಜರಿ ಅಂಗಡಿಗಳಲ್ಲಿ, ಮನೆ ಖಾಲಿ ಮಾಡುವವರ ಅಂಗಳದಲ್ಲಿ ಹುಡುಕಿ ತಂದವು. ಬರೀ ನೋಡಲು ಇಟ್ಟವಲ್ಲ. ಬೆಳಿಗ್ಗೆ ಬ್ರೆಡ್ಡಿನ ಮೇಲೆ, ಹೆಚ್ಚಿದ ಹಣ್ಣಿನ ಮೇಲೆ ದಿನಕ್ಕೊಂದು ದಾನಿಯಿಂದ ಸಕ್ಕರೆ ಉದುರಿಸಿಕೊಂಡು ತಿನ್ನುತ್ತಿದ್ದ. ಬಳಸದಿದ್ದರೆ ಅವು ಮುನಿಸಿಕೊಳ್ಳುತ್ತವೆ ಎಂದು ಅತ್ತಿಗೆಯ ಹತ್ತಿರ ಒಮ್ಮೆ ಹೇಳಿದ್ದ. ಅತ್ತಿಗೆ ನಗಲಿಲ್ಲ. ಹೌದು, ಮನೆಯಲ್ಲಿ ಸುಮ್ಮನೆ ಕೂತವರೆಲ್ಲ ಮುನಿಸಿಕೊಳ್ಳುತ್ತಾರೆ ಎಂದು ಗಂಡನ ಕಡೆ ನೋಡಿದ್ದರು.

ಅತ್ತಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗವನ್ನು ನೋಡಿಕೊಳ್ಳುವವರು. ಅವರ ಅಮ್ಮ ತೀರಿಕೊಂಡಾಗ ತವರಿನಿಂದ ಬಂದದ್ದು ಒಂದೇ ಒಂದು ವಸ್ತು, ಹಳೆಯ ಮೂರು ಬೆಳ್ಳಿ ದಾನಿಗಳ ಸೆಟ್ಟು. ದೊಡ್ಡದೊಂದು, ಚಿಕ್ಕವೆರಡು. ಅವರ ಅಜ್ಜಿ ಯಾವುದೋ ಇಂಗ್ಲಿಷ್ ಕುಟುಂಬಕ್ಕೆ ಹೊಲಿಗೆ ಮಾಡಿಕೊಡುತ್ತಿದ್ದವರು, ಆ ಮನೆಯವರು ಊರು ಬಿಡುವಾಗ ಕೊಟ್ಟುಹೋದದ್ದು. ಅದರ ಮೇಲೆ ಅತ್ತಿಗೆಯ ಅಕ್ಕನಿಗೂ ಆಸೆಯಿತ್ತು. ಆದರೆ ಅಮ್ಮ ಕಿರಿಯವಳಿಗೆ ಎಂದು ಬಾಯಿಬಿಟ್ಟು ಹೇಳಿಹೋಗಿದ್ದರು. ಅಕ್ಕ ಜಗಳವಾಡಲಿಲ್ಲ, ಇದ್ದ ಹಾಗೇ ಇಟ್ಟುಕೋ ಎಂದು ಮಾತು ತೆಗೆದುಕೊಂಡು ಹೋದರು. ಆಮೇಲೆ ಬಹಳ ದಿನ ಫೋನೂ ಇರಲಿಲ್ಲ. ಈಗ ಕೊನೆಗೂ ಭಾನುವಾರ ಊಟಕ್ಕೆ ಬರುತ್ತೇನೆ ಎಂದಿದ್ದರು.

ಇಷ್ಟನ್ನು ಹೇಳಿ ಅತ್ತಿಗೆ ದಾನಿಗಳನ್ನು ಹಳೆಯ ಟವೆಲಿನಲ್ಲಿ ಸುತ್ತಿ ಅವನ ಕೈಗಿತ್ತರು.

"ಒರೆಸಿಕೊಡು, ಅಷ್ಟು ಸಾಕು," ಎಂದರು. "ನಿನ್ನ ಕೈಗೆ ಕೊಟ್ಟರೆ ನನಗೆ ಚಿಂತೆ ಇರಲ್ಲ."

ಆ ಮಾತನ್ನು ಅವನು ದಾರಿಯುದ್ದಕ್ಕೂ ನೆನೆಸಿಕೊಂಡ. ಅಂಥ ಮಾತು ಅವನ ಪಾಲಿಗೆ ಅಪರೂಪ.

ಮಾರನೆಯ ದಿನ ಮಧ್ಯಾಹ್ನ, ಉಳಿದವರೆಲ್ಲ ಊಟಕ್ಕೆ ಹೋದಾಗ, ಕೆಲಸದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಮೂರನ್ನೂ ನಿಲ್ಲಿಸಿದ. ದೊಡ್ಡದು ಚೆನ್ನಾಗಿತ್ತು. ಚಿಕ್ಕವುಗಳಲ್ಲಿ ಒಂದು ಕೂಡ ಚೆನ್ನಾಗಿತ್ತು. ಮೂರನೆಯದರ ಮುಚ್ಚಳದಲ್ಲಿ ಮಾತ್ರ ತೂತೇ ಇರಲಿಲ್ಲ. ಅದೇ ಎಲೆ, ಅದೇ ಬಳ್ಳಿ, ತೂತು ಇರಬೇಕಾದ ಕಡೆ ಚುಕ್ಕಿ ಗುರುತು ಕೂಡ ಇತ್ತು, ಬೆಳಕು ಮಾತ್ರ ತೂರುತ್ತಿರಲಿಲ್ಲ. ಒಳಗಡೆ ಹಳದಿ ಬಣ್ಣದ ಗಟ್ಟಿ ಕಿಟ್ಟ ಹಿಡಿದುಕೊಂಡಿತ್ತು. ಅವನು ತಲೆದೂಗಿದ. ಎಷ್ಟೋ ಕಾಲದ ಕೊಳೆ ಸೇರಿ ತೂತುಗಳೆಲ್ಲ ಮುಚ್ಚಿಹೋಗಿವೆ, ಪಾಪ, ಯಾರೂ ನೋಡಿಕೊಂಡಿಲ್ಲ ಅಂದುಕೊಂಡ.

ಕೊರೆಯುವ ಯಂತ್ರ ಕೈಯಳತೆಯಲ್ಲೇ ಇತ್ತು. ಹಲ್ಲಿನ ಬಿರುಕಿನಷ್ಟು ಸಣ್ಣ ಸಂದಿಗೂ ಹೋಗುವ ಅದರ ಅತಿ ಸಪೂರ ಮೊನೆಯನ್ನು ಆರಿಸಿ ಸಿಕ್ಕಿಸಿದ. ಮೊದಲ ಚುಕ್ಕಿಯ ಮೇಲಿಟ್ಟು ಕಾಲಿನಿಂದ ಪೆಡಲು ಒತ್ತಿದ. ಗುಂಯ್ ಎಂದು ಇಳಿಯಿತು.

ಬಿಳಿ ಬಟ್ಟೆಯ ಮೇಲೆ ಬಿದ್ದದ್ದು ಕೊಳೆಯಲ್ಲ. ಉಗುರಿನ ಚೂರಿನಂಥ, ಸುರುಳಿ ಸುತ್ತಿದ, ಹೊಸದಾಗಿ ಹೊಳೆಯುವ ಬೆಳ್ಳಿ.

ಪಾಲಿಶಪ್ಪನ ಕಾಲು ಒಂದು ಗಳಿಗೆ ಮೇಲಕ್ಕೆದ್ದಿತು. ಎದ್ದದ್ದು ಹೌದು. ಯಾರೋ ಹಿಂದೆ ಬೆಸುಗೆ ಹಾಕಿ ಮುಚ್ಚಿರಬಹುದು ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡದ್ದನ್ನು ನಂಬಿದನೋ ಇಲ್ಲವೋ, ಕಾಲು ಮತ್ತೆ ಕೆಳಗಿಳಿಯಿತು. ತೂತು ಅಷ್ಟು ದುಂಡಗೆ, ಅಂಚು ಅಷ್ಟು ನಯವಾಗಿ ಬಂದಿತ್ತು. ಎರಡನೆಯದು ಇನ್ನೂ ಚೆನ್ನಾಗಿ ಬಂತು. ಬಟ್ಟೆಯ ಮೇಲಿನ ಬೆಳ್ಳಿಯ ಚೂರನ್ನು ಕುಂಚದಿಂದ ಬದಿಗೆ ಗುಡಿಸುತ್ತ, ಊಟ ಮರೆತು, ಕೊನೆಯ ಎಲೆಯವರೆಗೂ ಕೊರೆದ. ಮುಗಿದಾಗ ಮುಚ್ಚಳವನ್ನು ಕಿಟಕಿಗೆ ಹಿಡಿದು ನೋಡಿದ. ಬೆಳಕು ಬಳ್ಳಿಯ ಹಾಗೆ ಅವನ ಮುಖದ ಮೇಲೆ ಬಿತ್ತು. ಅತ್ತಿಗೆ ಏನು ಹೇಳಬಹುದು ಎಂದು ಊಹಿಸಿಕೊಂಡು ಒಬ್ಬನೇ ನಕ್ಕ.

ಅಷ್ಟಕ್ಕೇ ಮುಗಿದಿದ್ದರೂ ಆಗುತ್ತಿತ್ತು. ಆದರೆ ಗುರುವಾರ ಸಂಜೆ ಅವನು ಹೋಗುವ ತರಗತಿಯಿತ್ತು. ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಹಳೆಯ ವಸ್ತುಗಳ ಬಗ್ಗೆ ಪಾಠ. ಕಲಿಸುವವರು ಮ್ಯೂಸಿಯಮ್ಮಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಮೇಡಂ. ಕಲಿಯುವವರು ಒಬ್ಬ ಮಾಜಿ ಬಸ್ ಡ್ರೈವರು, ಒಬ್ಬ ನರ್ಸು, ಇನ್ನೂ ಕೆಲವರು. ಓದು ಅರ್ಧಕ್ಕೆ ನಿಂತಿದ್ದ ಪಾಲಿಶಪ್ಪ ಅಲ್ಲಿ ಮೊದಲ ಸಾಲಿನಲ್ಲಿ ಕೂತು, ಹೇಳಿದ್ದೆಲ್ಲ ಗಮನವಿಟ್ಟು ಕೇಳಿ, ಒಂದು ಪ್ರಶ್ನೆಯನ್ನೂ ಕೇಳದೆ ಎದ್ದು ಬರುತ್ತಿದ್ದ. ಆ ವಾರ ಎಲ್ಲರೂ ಒಂದೊಂದು ವಸ್ತು ತರಬೇಕೆಂದು ಹೇಳಿದ್ದರು. ಅವನು ಆ ಪುಟ್ಟ ದಾನಿಯನ್ನೇ ತಂದ. ಎದ್ದು ನಿಂತು, ಜೀವನದಲ್ಲಿ ಮೊದಲ ಬಾರಿ ತಡವರಿಸದೆ, ಮುಚ್ಚಿಹೋಗಿದ್ದ ತೂತುಗಳನ್ನು ಹೇಗೆ ಬಿಡಿಸಿದೆ ಎಂದು ವಿವರಿಸಿದ.

ಮೇಡಂ ಮುಚ್ಚಳವನ್ನು ಕೈಗೆ ತೆಗೆದುಕೊಂಡರು. ಕನ್ನಡಕ ಹಣೆಗೇರಿಸಿ ಬಹಳ ಹತ್ತಿರ ಹಿಡಿದು ನೋಡಿದರು. ಇದರ ಜೊತೆ ಇನ್ನೆರಡು ಇವೆಯೇ ಎಂದು ಕೇಳಿದರು. ಇವೆ ಎಂದ. ಒಳಗೆ ಹಳದಿ ಕಿಟ್ಟ ಇತ್ತೇ ಎಂದು ಕೇಳಿದರು. ಇತ್ತು, ಚೆನ್ನಾಗಿ ತೊಳೆದೆ ಎಂದ. ಅವರು ಮುಚ್ಚಳವನ್ನು ಮೆಲ್ಲಗೆ ಕೆಳಗಿಟ್ಟರು.

ಆಮೇಲೆ ಯಾರನ್ನೂ ನೋಡದೆ, ಇಡೀ ತರಗತಿಗೆ ಹೇಳುವ ಹಾಗೆ ಹೇಳಿದರು. ಇಂಥ ಮೂರರ ಸೆಟ್ಟಿನಲ್ಲಿ ದೊಡ್ಡದು ಸಕ್ಕರೆಗೆ, ಚಿಕ್ಕದೊಂದು ಮೆಣಸಿನ ಪುಡಿಗೆ, ಇನ್ನೊಂದು ಒಣ ಸಾಸಿವೆ ಪುಡಿಗೆ. ಆ ಕಾಲದ ಇಂಗ್ಲಿಷರು ಸಾಸಿವೆಯನ್ನು ಉದುರಿಸಿಕೊಳ್ಳುತ್ತಿರಲಿಲ್ಲ. ಮುಚ್ಚಳ ತೆಗೆದು, ಚಮಚದಲ್ಲಿ ಎತ್ತಿ, ತಟ್ಟೆಯಂಚಿನಲ್ಲಿ ಕಲಸಿಕೊಳ್ಳುತ್ತಿದ್ದರು. ಹಾಗಾಗಿ ಅದಕ್ಕೆ ಜೊತೆಯವುಗಳಿಗೆ ಹೊಂದುವಂಥ ನಕಾಶೆ ಮಾತ್ರ, ತೂತು ಇರುವುದಿಲ್ಲ. ಅದನ್ನು ಕುರುಡು ದಾನಿ ಅನ್ನುತ್ತಾರೆ. ಸಾಸಿವೆ ಹೀಗೆ ತಿನ್ನುವುದು ನಿಂತ ಮೇಲೆ ಜನ ಇವನ್ನೆಲ್ಲ ಕೊರೆದು ಮೆಣಸಿಗೆ ಬಳಸಿದರು. ಹುಟ್ಟಿದ ಹಾಗೇ ಉಳಿದಿರುವಂಥದ್ದು ಸಿಗುವುದು ಕಷ್ಟ.

ಮಾಜಿ ಡ್ರೈವರು, ಹಾಗಾದರೆ ಕಣ್ಣಿನ ಆಪರೇಷನ್ ಆಯಿತು ಬಿಡಿ ಎಂದರು. ಕೆಲವರು ನಕ್ಕರು. ಮೇಡಂ ನಗಲಿಲ್ಲ, ಅದೇ ಅವನಿಗೆ ಹೆಚ್ಚು ಚುಚ್ಚಿತು. ಕೊರೆದದ್ದು ಬಹಳ ನಾಜೂಕಾಗಿದೆ ಎಂದು ಅವರು ಸಮಾಧಾನಕ್ಕೆ ಹೇಳಿದರು. ಕೊರೆಯುವಾಗ ಅನುಮಾನ ಬಂದಿರಲಿಕ್ಕಿಲ್ಲ ಪಾಪ ಎಂದರು. ಪಾಲಿಶಪ್ಪ ಹೂಂ ಎಂದು ತಲೆಯಾಡಿಸಿ ಕೂತ. ಬಿಳಿ ಬಟ್ಟೆಯ ಮೇಲಿನ ಆ ಬೆಳ್ಳಿಯ ಸುರುಳಿ ಕಣ್ಣ ಮುಂದೆ ಬಂದು ನಿಂತಿತ್ತು, ಹೋಗಲಿಲ್ಲ.

ಶನಿವಾರ ಮಧ್ಯಾಹ್ನ ಅವನು ಮತ್ತೆ ಅದೇ ಮೇಜಿನ ಮುಂದೆ ಕೂತಿದ್ದ. ಬೆಸುಗೆಯ ತಂತಿ ತೆಗೆದಿಟ್ಟಿದ್ದ. ತೂತುಗಳನ್ನು ತುಂಬಿ, ತಿಕ್ಕಿ, ಮೇಲೆ ನಕಾಶೆಯ ಗೆರೆ ಎಳೆದರೆ ಯಾರಿಗೂ ತಿಳಿಯದಂತೆ ಮಾಡಬಲ್ಲ ಎಂಬುದು ಅವನಿಗೆ ಗೊತ್ತಿತ್ತು. ಹಲ್ಲಿನ ಸೆಟ್ಟಿನ ಕೆಲಸವೆಂದರೆ ಅದೇ ತಾನೇ, ಇಲ್ಲದ್ದನ್ನು ಇದೆ ಎಂದು ಕಾಣಿಸುವುದು. ಬೆಂಕಿ ಹೊತ್ತಿಸಿದ. ನೀಲಿ ನಾಲಿಗೆ ಸಣ್ಣಗೆ ನಿಂತಿತು. ಮುಚ್ಚಳವನ್ನು ಇಕ್ಕಳದಲ್ಲಿ ಹಿಡಿದು ಹತ್ತಿರ ತಂದವನಿಗೆ, ಇದನ್ನೂ ತಾನು ಯಾರನ್ನೂ ಕೇಳದೆ ಮಾಡುತ್ತಿದ್ದೇನೆ ಎನ್ನುವುದು ಆಗ ಹೊಳೆಯಿತು. ಬೆಂಕಿ ಆರಿಸಿದ. ನಾಳೆ ಬೇಗ ಹೋಗಿ, ಅಕ್ಕ ಬರುವ ಮುಂಚೆ, ಅಡುಗೆಮನೆಯಲ್ಲಿ ಅತ್ತಿಗೆ ಒಬ್ಬರೇ ಇರುವಾಗ ಹೇಳಿಬಿಡಬೇಕು ಎಂದು ತೀರ್ಮಾನಿಸಿದ. ಹೇಳಬೇಕಾದ ಮಾತುಗಳನ್ನು ಬಾಯಿಪಾಠ ಮಾಡಿಕೊಂಡ. ಕುರುಡು ದಾನಿ, ಸಾಸಿವೆ, ಅಪರೂಪದ್ದು, ನನಗೆ ತಿಳಿದಿರಲಿಲ್ಲ. ಕೊನೆಯದನ್ನು ಹೇಳಿಕೊಳ್ಳುವಾಗ ಪ್ರತಿ ಸಲವೂ ನಾಲಿಗೆ ಎಡವಿತು.

ಅವನು ಬೇಗ ಹೋದ. ಅಕ್ಕ ಇನ್ನೂ ಬೇಗ ಬಂದಿದ್ದರು.

ಬಾಗಿಲು ತೆಗೆದ ಅಣ್ಣ, ಬಂದ ನೋಡಿ ನಮ್ಮ ಪಾಲಿಶಪ್ಪ, ಚಪ್ಪಲಿ ಬಿಟ್ಟರೆ ಅದನ್ನೂ ಹೊಳೆಸಿಕೊಡುತ್ತಾನೆ ಎಂದು ಒಳಗೆ ಕೂಗಿ ಹೇಳಿದ. ಅಕ್ಕ ಊಟದ ಮೇಜಿನ ಮುಂದೆ ನೆಟ್ಟಗೆ ಕೂತಿದ್ದರು. ತೆಳ್ಳಗಿನ ಮೈ, ಶಾಲೆಯ ಹೆಡ್‌ಮೇಡಂ, ಎದುರಿನವರು ತಪ್ಪು ಉತ್ತರ ಹೇಳಿಯೇ ಹೇಳುತ್ತಾರೆ ಎಂಬಂಥ ತಾಳ್ಮೆಯ ಮುಖ. ಅತ್ತಿಗೆಯ ಮುಖದಲ್ಲಿ ಮಾತ್ರ ಹೊಸ ಮದುಮಗಳ ಕಳೆ. ತಡೆಯಲಾರದೆ ಅವನ ಕೈಯಿಂದ ಟವೆಲಿನ ಗಂಟನ್ನು ತೆಗೆದುಕೊಂಡು, ಅಕ್ಕ ನೋಡು ಎಂದು ಮೇಜಿನ ಮೇಲೆಯೇ ಬಿಚ್ಚಿದರು. ಅತ್ತಿಗೆ, ಒಂದು ನಿಮಿಷ ಎಂದು ಅವನು ಅಂದದ್ದು ಯಾರ ಕಿವಿಗೂ ಬೀಳಲಿಲ್ಲ. ಪಾತ್ರೆಯ ಶಬ್ದದಷ್ಟೂ ಜೋರಾಗಿರಲಿಲ್ಲ ಅದು.

ದೊಡ್ಡದು ಹೊರಬಂತು, ಹೊಳೆಯಿತು. ಮೆಣಸಿನದು ಬಂತು. ಅಕ್ಕನ ಮುಖ ಸ್ವಲ್ಪ ಸಡಿಲವಾಯಿತು. ಅಮ್ಮನ ಕಾಲದಲ್ಲೂ ಇಷ್ಟು ಹೊಳೆದಿರಲಿಲ್ಲ ಕಣೆ ಎಂದರು. ಮೂರನೆಯದನ್ನು ಅವರೇ ಕೈಚಾಚಿ ತೆಗೆದುಕೊಂಡರು. ತೆಗೆದುಕೊಂಡವರು ಅದನ್ನು ಕಿವಿಯ ಹತ್ತಿರ ಹಿಡಿದು, ಚಿಕ್ಕ ಹುಡುಗಿಯ ಹಾಗೆ ಅಲ್ಲಾಡಿಸಿದರು. ಅಲ್ಲಾಡಿಸುತ್ತಲೇ ಕಣ್ಣು ಮುಚ್ಚಳದ ಮೇಲೆ ಹೋಯಿತು. ಕೈ ನಿಂತಿತು.

"ಗುಟ್ಟಿನವಳಿಗೆ ಏನು ಮಾಡಿದ್ದೀಯೆ?" ಎಂದು ತಂಗಿಯನ್ನು ಕೇಳಿದರು.

ಅತ್ತಿಗೆ ನೋಡಿದರು. ಅವರ ಮುಖದ ಕಳೆ ಇಳಿದದ್ದನ್ನು ಪಾಲಿಶಪ್ಪ ಪೂರ್ತಿ ಕಂಡ. ಗುಟ್ಟಿನವಳು ಅಂದರೇನು ಎಂದು ಅಣ್ಣ ಕೇಳಿದ. ಅಕ್ಕ ಅವನಿಗಲ್ಲ, ಮುಚ್ಚಳಕ್ಕೆ ಹೇಳಿದಂತೆ ಹೇಳಿದರು. ಚಿಕ್ಕಂದಿನಲ್ಲಿ ಅವರಿಬ್ಬರೂ ಒಬ್ಬರ ಮೇಲೊಬ್ಬರು ಚಾಡಿ ಹೇಳಿಕೊಂಡು ಓಡಿಬಂದರೆ ಅಮ್ಮ ಈ ದಾನಿಯನ್ನು ಕೈಗೆ ಕೊಡುತ್ತಿದ್ದರಂತೆ. ಎಷ್ಟು ಅಲ್ಲಾಡಿಸಿದರೂ ಒಂದು ಕಾಳು ಹೊರಗೆ ಬಿಡಲ್ಲ ನೋಡಿ ಇವಳು, ಇವಳ ಹಾಗೆ ಇರಿ ಎನ್ನುತ್ತಿದ್ದರಂತೆ. ಬೇರೆ ಯಾರಿಗೂ ಹೇಳಲಾರದ್ದನ್ನು ಹುಡುಗಿಯರು ಇದರೊಳಗೆ ಪಿಸುಗುಟ್ಟಿ ಮುಚ್ಚಳ ಹಾಕುತ್ತಿದ್ದರಂತೆ.

ಪಾಲಿಶಪ್ಪ ಬಾಯಿಪಾಠ ಮಾಡಿಕೊಂಡು ಬಂದದ್ದರಲ್ಲಿ ಒಂದು ಮಾತೂ ಈಗ ಉಪಯೋಗಕ್ಕೆ ಬರುವಂತಿರಲಿಲ್ಲ. ಮೂರು ದಿನದಿಂದ ಅವನು ನಾಚಿದ್ದು ಇಂಗ್ಲಿಷರ ಸಾಸಿವೆಯ ಸಲುವಾಗಿ.

"ನಾನೇ ಹೇಳಿದ್ದೆ ಅಕ್ಕ," ಎಂದರು ಅತ್ತಿಗೆ. "ಇದಕ್ಕೂ ತೂತು ಹಾಕಿಕೊಡು, ಬಳಸೋಕ್ಕಾಗತ್ತೆ ಅಂತ."

ಅವರು ಅವನ ಕಡೆ ನೋಡಲೇ ಇಲ್ಲ. ಮೇಜಿನ ಬಟ್ಟೆಯ ಒಂದು ಮಡಿಕೆಯನ್ನು ಅಂಗೈಯಿಂದ ನೇರ ಮಾಡುತ್ತಿದ್ದರು. ಅವನು ಬಾಯಿ ತೆರೆದ. ಅಷ್ಟರಲ್ಲಿ ಅಣ್ಣ ಕುರ್ಚಿ ಎಳೆದ, ಊಟ ತಣ್ಣಗಾಗುತ್ತದೆ ಎಂದ, ಎಲ್ಲರೂ ಕೂತರು, ಅವನೂ ಕೂತ.

ಊಟದುದ್ದಕ್ಕೂ ಅಕ್ಕ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಆಲೂಗೆಡ್ಡೆ ಚೆನ್ನಾಗಿ ಬೆಂದಿದೆ ಎಂದರು. ಅಮ್ಮ ಹೋಗಿ ಇನ್ನೂ ವರ್ಷ ಆಗಿಲ್ಲ ಅಲ್ಲವೇ ಎಂದರು. ನಿನಗೆ ಮೊದಲಿನಿಂದಲೂ ಇದ್ದದ್ದು ಇದ್ದ ಹಾಗಿದ್ದರೆ ಆಗುವುದಿಲ್ಲ, ನನ್ನ ಉದ್ದ ಲಂಗ ಕತ್ತರಿಸಿ ಗಿಡ್ಡ ಮಾಡಿಕೊಂಡವಳು ನೀನು ಎಂದು, ನಗುತ್ತಲೇ, ಅಂದರು. ಪ್ರತಿ ಮಾತಿಗೂ ಅತ್ತಿಗೆ ಹೌದಕ್ಕ ಎಂದರು. ಪಾಲಿಶಪ್ಪ ತಟ್ಟೆ ನೋಡುತ್ತ ಅಗಿದ. ಒಂದು ಸಲ ಅಣ್ಣ ಅವನ ಮುಂದೆ ಚಮಚ ಹಿಡಿದು, ಯಾಕೋ ಇವತ್ತು ಪರೀಕ್ಷೆ ಇಲ್ಲವೇ ಎಂದು ಕೆಣಕಿದ. ಈಗ ಹೇಳುತ್ತೇನೆ, ಈ ತುತ್ತು ಮುಗಿಯಲಿ ಎಂದುಕೊಂಡ. ಮುಗಿಯಿತು. ಇನ್ನೊಂದು ತುತ್ತು ಹಾಕಿಕೊಂಡ. ತನ್ನ ಬದಲು ಒಬ್ಬರು ತಲೆ ತಗ್ಗಿಸಿಕೊಂಡು ಕೂತಿದ್ದಾರೆ, ತಾನು ಪಕ್ಕದಲ್ಲಿ ಕೂತು ಉಣ್ಣುತ್ತಿದ್ದೇನೆ. ತೂತು ಕೊರೆದದ್ದಕ್ಕಿಂತ ಇದು ಕೆಟ್ಟದ್ದು ಎಂದು ಅವನಿಗೆ ಚೆನ್ನಾಗಿ ಗೊತ್ತಾಗುತ್ತಿತ್ತು. ಗೊತ್ತಾಗುತ್ತಿದ್ದರೂ ಬಾಯಿ ಅಗಿಯುತ್ತಲೇ ಇತ್ತು.

ಊಟ ಮುಗಿಯಿತು. ಹೆಚ್ಚಿದ ಹಣ್ಣು ಬಂತು, ದೊಡ್ಡ ದಾನಿಯಿಂದ ಸಕ್ಕರೆ ಉದುರಿಸಿಕೊಂಡರು. ಅಕ್ಕ ತಮ್ಮ ಬಟ್ಟಲಿಗೆ ಸಕ್ಕರೆ ಬೇಡವೆಂದು ಕೈ ಅಡ್ಡ ಹಿಡಿದು, ಅಮ್ಮನಿಗೆ ನಿನ್ನ ಮೇಲೆ ಇದ್ದ ನಂಬಿಕೆ ನನಗೆ ಅರ್ಥವೇ ಆಗಲಿಲ್ಲ ಎಂದರು. ಈ ಸಲ ಅತ್ತಿಗೆ ಹೌದಕ್ಕ ಅನ್ನಲಿಲ್ಲ.

"ಅತ್ತಿಗೆ ಹೇಳಿರಲಿಲ್ಲ," ಎಂದ ಪಾಲಿಶಪ್ಪ. "ಒರೆಸು ಅಂದಿದ್ದರು ಅಷ್ಟೇ. ಕೊರೆದಿದ್ದು ನಾನೇ."

ಅಕ್ಕ ಅವನತ್ತ ತಿರುಗಿದರು. ಆಮೇಲೆ ತಂಗಿಯತ್ತ. ನನ್ನೆದುರು ಸುಳ್ಳು ಹೇಳಿದೆಯಾ ಎಂದು ಬಾಯಿಬಿಟ್ಟು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಅತ್ತಿಗೆಯ ಕುತ್ತಿಗೆ ಕೆಂಪಾಗಿತ್ತು. ಅವರನ್ನು ಬಿಡಿಸಲು ಹೋಗಿ ಇನ್ನೊಂದರಲ್ಲಿ ಸಿಕ್ಕಿಸಿದೆ ಎಂದು ಅವನಿಗೆ ಆಗ ಗೊತ್ತಾಯಿತು.

"ಮುಚ್ಚಿರೋ ತೂತು ಅಂದುಕೊಂಡೆಯೇನೋ, ಇರಲಿ," ಎಂದರು ಅಕ್ಕ, ಶಾಲೆಯ ಹುಡುಗನಿಗೆ ದಾರಿ ತೋರಿಸುವ ದನಿಯಲ್ಲಿ. "ಕೊರೆಯುವಾಗ ಗೊತ್ತಾಗಲಿಲ್ಲ ಅಲ್ಲವಾ?"

ಗುರುವಾರ ತರಗತಿಯ ಮೇಡಂ ಕೊಟ್ಟ ದಾರಿಯೂ ಇದೇ ಆಗಿತ್ತು. ಹೂಂ ಎಂದರೆ ಮುಗಿಯುತ್ತಿತ್ತು.

"ಮೊದಲನೇ ತೂತಿಗೇ ಗೊತ್ತಾಯಿತು," ಎಂದ.

"ಮತ್ತೆ?"

ಅವನು ಉತ್ತರ ಹುಡುಕಿದ. ನಿಜವಾದದ್ದು ಒಂದೇ ಸಿಕ್ಕಿತು.

"ಚೆನ್ನಾಗಿ ಬರ್ತಿತ್ತು."

ಅಣ್ಣ ಎತ್ತಿದ ಚಮಚವನ್ನು ಕೆಳಗಿಟ್ಟ. ಅತ್ತಿಗೆ ಮೊದಲ ಬಾರಿ ಅವನ ಮುಖ ನೋಡಿದರು. ಸಿಟ್ಟಿನ ನೋಟವಾಗಿದ್ದರೆ ಅವನು ತಾಳಿಕೊಳ್ಳುತ್ತಿದ್ದ. ಪರಿಚಯದವರು ಅಂದುಕೊಂಡು ಮಾತಾಡಿಸಿದ ಮೇಲೆ ಬೇರೆ ಯಾರೋ ಎಂದು ತಿಳಿದಾಗ ನೋಡುತ್ತಾರಲ್ಲ, ಹಾಗಿತ್ತು ಅದು.

ಹೊರಡುವಾಗ ಅಕ್ಕ ಪುಟ್ಟ ದಾನಿಯನ್ನು ಕರವಸ್ತ್ರದಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡರು. ಇವಳೊಬ್ಬಳು ನನ್ನ ಹತ್ತಿರ ಇರಲಿ ಎಂದರು. ಅತ್ತಿಗೆ ಬೇಡ ಅನ್ನಲಿಲ್ಲ. ಬಾಗಿಲಿನ ಹೊರಗೆ ಅಕ್ಕತಂಗಿಯರು ಮೆಲುದನಿಯಲ್ಲಿ ಏನೋ ಆಡಿಕೊಂಡರು. ಜಗಳವೋ ಸಮಾಧಾನವೋ ಪಾಲಿಶಪ್ಪನಿಗೆ ಕೇಳಿಸಲಿಲ್ಲ, ಕೇಳಿಸಿಕೊಳ್ಳುವ ಹಕ್ಕೂ ತನಗಿಲ್ಲ ಎಂದು ಅವನು ಅಡುಗೆಮನೆಗೆ ಹೋಗಿ ನಿಂತ.

ಅಲ್ಲಿ ತೊಳೆದ ಚಮಚ, ಫೋರ್ಕುಗಳ ರಾಶಿಯಿತ್ತು. ಅತ್ತಿಗೆ ಒಳಗೆ ಬಂದು, ಒಣಗಿದ ಬಟ್ಟೆಯೊಂದನ್ನು ಅವನಿಗೆ ಕೊಟ್ಟರು. ಅವನು ತಪ್ಪಾಯಿತು ಅತ್ತಿಗೆ ಎಂದ. ಅವರು ಹೂಂ ಎಂದರು. ಅವನು ಒರೆಸತೊಡಗಿದ. ಇಷ್ಟು ವರ್ಷ ಅವರು ಬಟ್ಟೆ ಕೊಟ್ಟು ಹೊರಗೆ ಹೋಗಿಬಿಡುತ್ತಿದ್ದರು. ಇವತ್ತು ಹೋಗಲಿಲ್ಲ. ಒಂದು ಸ್ಟೂಲು ಎಳೆದುಕೊಂಡು ಅವನ ಎದುರಿಗೇ ಕೂತರು. ಅವನ ಕೈಗಳನ್ನೇ ನೋಡತೊಡಗಿದರು.

ಒಂದು ಫೋರ್ಕಿನ ಹಲ್ಲುಗಳ ನಡುವೆ ಕಪ್ಪು ಕಲೆ ಕೂತಿತ್ತು. ಪಾಲಿಶಪ್ಪನ ಉಗುರು ತಾನಾಗಿಯೇ ಅಲ್ಲಿಗೆ ಹೋಯಿತು. ಅದನ್ನು ಹಿಂದಕ್ಕೆ ತೆಗೆದುಕೊಂಡ.

"ಇದನ್ನ ತೆಗೀಲಾ ಅತ್ತಿಗೆ?"

ಅತ್ತಿಗೆ ಮುಂದಕ್ಕೆ ಬಾಗಿ, ಫೋರ್ಕನ್ನು ಕೈಗೆ ತೆಗೆದುಕೊಂಡು, ಕಲೆಯನ್ನು ಸಾವಕಾಶವಾಗಿ ನೋಡಿದರು.

"ಬೇಡ," ಎಂದು ವಾಪಸು ಕೊಟ್ಟರು.

ಅವನು ಅದನ್ನು ಕಲೆಯ ಸಮೇತ ಉಳಿದವುಗಳ ಜೊತೆ ಇಟ್ಟು, ಮುಂದಿನದನ್ನು ಎತ್ತಿಕೊಂಡ.